ಮಗಳಿಗೊಂದು ಪತ್ರ: ಆ ಕಂಬದ ಚಿಂತೆ

ಅವ್ವಿ,

ರವಿವಾರ ಮಾತಿನ ನಡುವೆಯೇ ನೀನು ಫೋನ್ ಕಟ್ ಮಾಡಿದೆ. ಸಿಟ್ಟು ಬಂದಿತ್ತು, ಗೊತ್ತು. "ಸೈಕಲ್ ಕ್ಲಬ್ಬಿನ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಇರು, ನಿನ್ನಿಂದ ಯಾರಿಗೂ ತೊಂದರೆ ಆಗಬಾರದು" ಅಂದೆ ನಾನು. "ಹಿಂದೆ ಇರೋದಕ್ಕೆ ಕ್ಲಬ್ ಯಾಕೆ ಬೇಕು ಅಪ್ಪಾ" ಅಂದೆ ನೀನು. ಅವತ್ತಿನಿಂದ ನಿಮ್ಮವ್ವನೂ ನನ್ನ ಜೊತೆ ಅರ್ಧ ಮಾತು. ಶನಿವಾರ ನೀನು ಮೆಂಬರ್ ಫಾರ್ಮ್ ತುಂಬುತ್ತೀಯಂತೆ, ಅವಳೇ ಹೇಳಿದಳು. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು ಅಂತ ಕೂತಿದ್ದೇನೆ. ಬೇಡ ಅನ್ನೋದಕ್ಕಲ್ಲ.

ನನ್ನ ತಲೆಯಲ್ಲಿ ಕೂತಿರುವುದು ಆ ಕಂಬ. ನಿಮ್ಮ ನೆದರ್‌ಲ್ಯಾಂಡ್ಸಿನ ವೆಕ್ಟ್ ನದಿ ಪಕ್ಕದ ದಾರಿಯ ವಿಡಿಯೋ ಕಳಿಸಿದ್ದೆಯಲ್ಲ, ಅದರಲ್ಲಿ ಇಬ್ಬಿಬ್ಬರು ಜೋಡಿಯಾಗಿ ಹೋಗುತ್ತಿದ್ದೀರಿ, ಮುಂದಿನವರ ಗಾಲಿಗೂ ನಿನ್ನ ಗಾಲಿಗೂ ಒಂದು ಮೊಳ ಅಂತರವೂ ಇಲ್ಲ. ಮುಂದೆ ಯಾರೋ "ಪಾಲ್ತ್ಯ" ಅಂತ ಕೂಗುತ್ತಾರೆ, ಕಂಬ ಅಂತ ಅರ್ಥ, ಸಾಲು ಎರಡಾಗಿ ಸೀಳುತ್ತದೆ, ದಾರಿಯ ನಟ್ಟನಡುವೆ ಒಂದು ಕಂಬ ನಿನ್ನ ಮೊಣಕೈ ಪಕ್ಕದಲ್ಲೇ ಸರಿದು ಹೋಗುತ್ತದೆ. ಕಾರುಗಳು ಸೈಕಲ್ ದಾರಿಗೆ ನುಗ್ಗಬಾರದು ಅಂತ ನೆಟ್ಟಿರೋದಂತೆ. ಒಳ್ಳೆಯದೇ. ಆದರೆ ಅಷ್ಟು ಬೆನ್ನುಗಳ ಹಿಂದೆ ಇರುವವಳಿಗೆ ಕಂಬ ಕಾಣುತ್ತದಾ? ಕೂಗು ಮಾತ್ರ ಕೇಳುತ್ತದೆ, ಅದೂ ಡಚ್‌ನಲ್ಲಿ. ಉಳಿದವರಿಗೆ ಅದು ಹುಟ್ಟಿದಾಗಿನಿಂದ ಕೇಳಿದ ಭಾಷೆ, ತಲೆ ತಿಳಿಯುವ ಮೊದಲೇ ಕೈ ಹ್ಯಾಂಡಲ್ ತಿರುಗಿಸುತ್ತದೆ. ನೀನು "ಏನಂದರು?" ಅಂತ ಯೋಚಿಸಬೇಕು. 30 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ 8 ಮೀಟರ್ ಮೇಲೆ. ಗಣಿತದ ಮಾಸ್ತರ ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. ರಾತ್ರಿ ಎದ್ದು ಆ ವಿಡಿಯೋ ಮತ್ತೆ ನೋಡಿದೆ. ಕೂಗಿಗೂ ಕಂಬಕ್ಕೂ ನಡುವೆ ಎರಡು ಸೆಕೆಂಡ್ ಇದ್ದರೆ ಹೆಚ್ಚು.

ಇನ್ನೂ ಒಂದು ಇದೆ. ಕೇಳಿಸಿಕೊಂಡರೆ ಸಾಲದು, ನಿನ್ನ ಹಿಂದಿನವರಿಗೆ ನೀನೂ ಕೂಗಿ ಹೇಳಬೇಕು. ನೀನು ಕೂಗದೆ ಹಿಂದಿನವರು ಬಿದ್ದರೆ? ಅವರವರೇ ಬಿದ್ದರೆ "ಪಾಪ ಬಿದ್ದ" ಅಂತಾರೆ. ನಿನ್ನಿಂದ ಬಿದ್ದರೆ "ಆ ಇಂಡಿಯಾದವಳು" ಅಂತಾರೆ. ಅವರು ಹಾಗಿಲ್ಲ ಅಪ್ಪಾ ಅಂತೀಯ. ಇರಬಹುದು. ನಿನಗೆ ಪೆಟ್ಟಾದೀತು ಅನ್ನೋದಕ್ಕಿಂತ ಜಾಸ್ತಿ ನನಗೆ ಈ ಮಾತಿನ ಭಯ, ನಿಜ ಹೇಳುತ್ತೇನೆ. ಅದಕ್ಕೇ ಹಿಂದೆ ಇರು ಅಂದದ್ದು.

ಸುಮ್ನೆ ಕೂರಲಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟುಗಳು ಎಷ್ಟೊಂದು ಮಂದಿ, ನಿನಗೇ ಗೊತ್ತಲ್ಲ. ಬೆಳಿಗ್ಗೆ ಹೈವೇ ಮೇಲೆ ಪ್ರಾಕ್ಟೀಸ್ ಮಾಡುವ ಹುಡುಗರನ್ನು ನಿಲ್ಲಿಸಿ ಕೇಳಿದೆ. ನಕ್ಕರು. "ಮಾಸ್ತರ, ಹಿಂದ ಬಿಟ್ರ ಅಕಿ ದಣದು ಬೀಳ್ತಾಳ್ರಿ" ಅಂದ ಒಬ್ಬ. ಮುಂದಿನವನು ಸ್ವಲ್ಪ ಬ್ರೇಕ್ ಹಿಡಿದರೆ ಅವನ ಹಿಂದಿನವನು ಇನ್ನೂ ಸ್ವಲ್ಪ ಜಾಸ್ತಿ ಹಿಡಿಯಬೇಕು, ಕೊನೆಯವನು ಪೂರ್ತಿ ಹಿಡಿದು ಆಮೇಲೆ ಜೀವ ಬಿಟ್ಟು ತುಳಿದು ಸಾಲು ಮುಟ್ಟಬೇಕು, ಪ್ರತಿ ತಿರುವಿನಲ್ಲೂ ಇದೇ ಕಥೆ. ಮುಂದಿನವರ ಹಿಂದೆ ಸರಿಯಾಗಿ ಅಂಟಿಕೊಂಡರೆ ಕಾಲು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ, ಅಂತರ ಬಿಟ್ಟೆಯೋ ಗಾಳಿ ಎದೆಗೇ ಹೊಡೆಯುತ್ತದೆ. ನಿಮ್ಮ ಉಟ್ರೆಕ್ಟ್ ಕಡೆ ದೊಡ್ಡ ಗುಡ್ಡವಿಲ್ಲ, ಗಾಳಿಯೇ ಘಾಟಿ. ಹೊಸಬರು ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಇರಬೇಕಂತೆ. ಹಾಗಾಗಿ ಹಿಂದೆ ಇರು ಅಂದ ಮಾತು ವಾಪಸ್. ಕಂಬದ್ದು ಮಾತ್ರ ವಾಪಸ್ ಇಲ್ಲ.

ಕೂಗು. ಉಚ್ಚಾರ ತಪ್ಪಿದರೂ ಜೋರಾಗಿ ಕೂಗು. ಚಿಕ್ಕಂದಿನಿಂದಲೂ ನಿನ್ನ ದನಿ ಪಕ್ಕದ ಕೋಣೆಗೆ ಕೇಳಿದ್ದಿಲ್ಲ. ಎದುರಿಗೆ ಯಾರಾದರೂ ಬಂದರೆ "ತೇಖೆನ್" ಅಂತಾರಂತಲ್ಲ, ಅಂಥವು ಇನ್ನೂ ಎಷ್ಟಿವೆಯೋ ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಂಡು ಅಡುಗೆ ಮಾಡುವಾಗ ಒದರುತ್ತಿರು. ಗುಂಪು ನಡೆಸುವವರಿಗೆ ಹೊರಡುವ ಮೊದಲೇ ಹೇಳು, ನನ್ನ ಡಚ್ ಇಷ್ಟೇ ಅಂತ. ಹಠಾತ್ ಬ್ರೇಕ್ ಹಿಡಿಯಬೇಡ. ಮುಂದಿನ ಗಾಲಿ ಪಕ್ಕಕ್ಕೆ ನಿನ್ನ ಗಾಲಿ ನುಗ್ಗಿಸಬೇಡ. ಆಫೀಸಿಗೆ ಹೋಗುವಾಗ ಅಲ್ಲಿ ಯಾರೂ ಹೆಲ್ಮೆಟ್ ಹಾಕಲ್ಲ ಅಂತೀಯ, ನೀನು ಹಾಕಿಕೋ. ಕಾಫಿಗೆ ನಿಂತಾಗ ಅವರೆಲ್ಲ ಡಚ್‌ನಲ್ಲಿ ನಕ್ಕರೆ ನೀನು ಮೊಬೈಲ್ ತೆಗೆದು ಕೂರಬೇಡ. "ಏನಂದ್ರಿ" ಅಂತ ಕೇಳು. ಆ ಆಪಲ್ ಕೇಕ್ ಮೊಟ್ಟೆಯದ್ದಾದರೂ ತಿನ್ನು, ನಿಮ್ಮಜ್ಜಿಗೆ ನಾನು ಹೇಳಲ್ಲ. ನೋಡು, ಮತ್ತೆ ಪಾಠ ಶುರುವಾಯಿತು.

ಅಲ್ಲಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಒಂದೇ ದಿನ ಹನ್ನೊಂದು ಊರು ಸುತ್ತುವ ರೈಡ್ ಇದೆ, ಸುಮಾರು 235 ಕಿಲೋಮೀಟರ್, ಮುಂದಿನ ವರ್ಷ ಹೋಗುತ್ತೇನೆ ಅಂದಿದ್ದೆಯಲ್ಲ. ನಮ್ಮೂರಿಂದ ಹುಬ್ಬಳ್ಳಿಗಿಂತ ದೂರ! ಅದನ್ನು ಆ ಹೈವೇ ಹುಡುಗರಿಗೆ ಹೇಳಿದೆ, ಹಾಲಿನವನಿಗೂ ಹೇಳಿದೆ. ನಿನಗೆ ಹೇಳೋದು ಉಳಿದಿತ್ತು. ಹೆಮ್ಮೆ ಆಗುತ್ತದೆ ಅವ್ವಿ. ಅವತ್ತು ಫೋನಿನಲ್ಲಿ ಮೊದಲು ಅದನ್ನೇ ಹೇಳಬೇಕಿತ್ತು.

ಕ್ಲಬ್ ಜರ್ಸಿ ತಗೊಳ್ಳುವಾಗ ದುಡ್ಡಿಗೆ ಹಿಂದೆಮುಂದೆ ನೋಡಬೇಡ, ಉದ್ದ ತೋಳಿನದ್ದೂ ಒಂದಿರಲಿ. ರೈಡ್ ಮುಗಿಸಿ ಮನೆ ಮುಟ್ಟಿದ ತಕ್ಷಣ ಫೋನ್ ಮಾಡು. ನಿಮ್ಮಲ್ಲಿ ಮಧ್ಯಾಹ್ನ 1 ಅಂದರೆ ಬೇಸಿಗೆಯಲ್ಲಿ ನಮಗೆ ನಾಲ್ಕೂವರೆ. ಮೊದಲು ನಿಮ್ಮವ್ವನ ಜೊತೆ ಮಾತಾಡು, ಇಲ್ಲದಿದ್ದರೆ ನನಗೆ ಚಹಾ ಸಿಗಲ್ಲ. ಆಮೇಲೆ ಫೋನ್ ನನಗೆ ಕೊಡೋಕೆ ಹೇಳು, ದಾರಿಯಲ್ಲಿ ಎಷ್ಟು ಕಂಬ ಬಂದವು ಅಂತ ನಾನು ಕೇಳಬೇಕು.

ನಿನ್ನ ಅಪ್ಪ