ಮಗಳಿಗೊಂದು ಪತ್ರ: ಜಿಕೊ ಕಾಶಿಮಾಕ್ಕೆ ಹೋದ ಮೇಲೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಆಡೋಕಾಗದವರಿಗೆ ಕೊಡೋ ಸಮಾಧಾನಕರ ಬಹುಮಾನ ಅಮ್ಮಾ, ಈ ಕೋಚಿಂಗು" ಅಂದೆ. ಮೊಣಕಾಲಿನ ಆಪರೇಷನ್ ಆಗಿ, ಊತ ಕೂಡ ಇಳಿಯದೆ ಮಲಗಿರುವವಳಿಗೆ ಹದಿಮೂರರೊಳಗಿನ ಹುಡುಗಿಯರ ಫುಟ್‌ಬಾಲ್ ತಂಡ ನೋಡಿಕೋ ಅಂತ ಕೇಳಿದರೆ ಹಾಗನ್ನಿಸುವುದು ಸಹಜವೇ. ಆದರೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ಫೋನಿನಲ್ಲಿ ವಾದಕ್ಕಿಳಿದರೆ ಇಬ್ಬರಿಗೂ ಅಳು ಬರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಅದೂ ಜಿಕೊ ಬಗ್ಗೆ.

ನಿನಗೆ ಜಿಕೊ ಅಂದರೆ ಎಫ್‌ಸಿ ಗೋವಾ ತಂಡದ ಕೋಚ್ ಆಗಿದ್ದವನು. ಕಾರವಾರದಿಂದ ರೈಲು ಹತ್ತಿ ಮಡಗಾಂವಿಗೆ ಹೋಗಿ ಅಲ್ಲಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ನೋಡಿದ ಮನುಷ್ಯ. ನನಗೆ ಅವನು ಮೊದಲಿನಿಂದಲೂ ಬ್ರೆಜಿಲ್‌ನ ಹತ್ತನೇ ನಂಬರ್ ಅಂಗಿಯ ಆಟಗಾರ. ರಿಯೊ ಡಿ ಜನೈರೊದ ಕ್ವಿಂಟಿನೊ ಬಡಾವಣೆಯಲ್ಲಿ 1953ರಲ್ಲಿ ಹುಟ್ಟಿದ, ಆರು ಮಕ್ಕಳಲ್ಲಿ ಕೊನೆಯವನು. ಕಡ್ಡಿಯಂಥ ಹುಡುಗ. ಎಷ್ಟು ಬಡಕಲು ಅಂದರೆ, ಫ್ಲಮೆಂಗೊ ಕ್ಲಬ್ಬಿನವರು ಅವನಿಗಾಗಿಯೇ ಊಟ, ಕಸರತ್ತುಗಳ ಪಟ್ಟಿ ಮಾಡಿ ಮೈ ಕಟ್ಟಿಸಬೇಕಾಯಿತು. ಅದೇ ಹುಡುಗ 1981ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಲಿವರ್‌ಪೂಲ್ ತಂಡವನ್ನು 3-0ಯಿಂದ ಸೋಲಿಸಿದ ಫ್ಲಮೆಂಗೊದ ನಾಯಕ. ಅವತ್ತು ತಾನು ಒಂದೂ ಗೋಲು ಹೊಡೆಯಲಿಲ್ಲ, ಮೂರೂ ಗೋಲುಗಳ ಹಿಂದೆ ಅವನ ಕಾಲಿತ್ತು. ಬ್ರೆಜಿಲ್ ಪರ 71 ಪಂದ್ಯಗಳಲ್ಲಿ 48 ಗೋಲು ಹೊಡೆದವನು ವಿಶ್ವಕಪ್ ಗೆಲ್ಲಲೇ ಇಲ್ಲ. 1982ರಲ್ಲಿ ಸಾಕ್ರೆಟಿಸ್, ಫಲ್ಕಾವೊ, ಸೆರೆಜೊ ಜೊತೆಗಿದ್ದ ಆ ಚಂದದ ತಂಡ ಬಾರ್ಸಿಲೋನಾದಲ್ಲಿ ಇಟಲಿಗೆ 3-2ರಲ್ಲಿ ಸೋತಿತು.

ನಾನು ಹೇಳಬೇಕೆಂದಿರುವುದು ಅದಾದ ಮೇಲಿನ ಕಥೆ. 1985ರಲ್ಲಿ ರಿಯೊದಲ್ಲೇ ನಡೆದ ಪಂದ್ಯವೊಂದರಲ್ಲಿ ಬಾಂಗು ತಂಡದ ಡಿಫೆಂಡರ್ ಒಬ್ಬ ಅವನ ಮೊಣಕಾಲಿನ ಮೇಲೇ ಬಿದ್ದ. ಹೌದು, ಮೊಣಕಾಲು. ಆಪರೇಷನ್, ಮತ್ತೆ ಅಭ್ಯಾಸ, ಮತ್ತೆ ನೋವು. ಪೂರ್ತಿ ಗುಣವಾಗದೆಯೇ 1986ರ ಮೆಕ್ಸಿಕೊ ವಿಶ್ವಕಪ್‌ಗೆ ಹೋದ. ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್ ನಮ್ಮಲ್ಲಿ ರಾತ್ರಿ ಹನ್ನೊಂದೂವರೆಗೆ ಶುರುವಾಗಿತ್ತು. 1-1 ಆಗಿದ್ದಾಗ ಜಿಕೊ ಬದಲಿ ಆಟಗಾರನಾಗಿ ಇಳಿದ. ಇಳಿದ ಸ್ವಲ್ಪ ಹೊತ್ತಿಗೇ ಅವನು ಕೊಟ್ಟ ಪಾಸ್ ಹಿಡಿದು ಬ್ರಾಂಕೊ ನುಗ್ಗಿದ, ಗೋಲ್‌ಕೀಪರ್ ಬಾಟ್ಸ್ ಅವನನ್ನು ಕೆಡವಿದ. ಪೆನಾಲ್ಟಿ. ಮೈ ಇನ್ನೂ ಬಿಸಿಯಾಗದ ಜಿಕೊನೇ ಒದ್ದ, ಬಾಟ್ಸ್ ತಡೆದ. ಕೊನೆಗೆ ಎರಡೂ ತಂಡ ಸರದಿಯಂತೆ ಪೆನಾಲ್ಟಿ ಒದೆಯುವ ಶೂಟೌಟ್‌ನಲ್ಲಿ ಜಿಕೊ ಗೋಲು ಹೊಡೆದ, ಸಾಕ್ರೆಟಿಸ್ ತಪ್ಪಿಸಿದ, ಬ್ರೆಜಿಲ್ ಮನೆಗೆ ಹೋಯಿತು. ಆದರೆ ಜನ ನೆನಪಿಟ್ಟುಕೊಂಡಿದ್ದು ಆ ಮೊದಲ ಪೆನಾಲ್ಟಿಯನ್ನು.

ಅಲ್ಲಿಗೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಫ್ಲಮೆಂಗೊಗೆ ವಿದಾಯ ಹೇಳಿ, ಸ್ವಲ್ಪ ಕಾಲ ಸರ್ಕಾರದಲ್ಲಿ ಕ್ರೀಡಾ ಖಾತೆ ನೋಡಿಕೊಂಡು, 1991ರಲ್ಲಿ ಮೂವತ್ತೆಂಟನೇ ವಯಸ್ಸಿಗೆ ಅವನು ಹೋದದ್ದು ಜಪಾನಿನ ಕಾಶಿಮಾ ಎಂಬ ಊರಿಗೆ. ಅಲ್ಲಿ ಸುಮಿಟೊಮೊ ಮೆಟಲ್ಸ್ ಉಕ್ಕಿನ ಕಾರ್ಖಾನೆಯ ತಂಡ, ಎರಡನೇ ದರ್ಜೆಯ ಲೀಗ್. ಕಂಪನಿಯ ನೌಕರರೇ ಆಟಗಾರರು. ಜಪಾನ್ ಆಗ ವೃತ್ತಿಪರ ಜೆ ಲೀಗ್ ಕಟ್ಟಲು ಹೊರಟಿತ್ತು. ಇಷ್ಟು ಚಿಕ್ಕ ಊರಿನ ತಂಡಕ್ಕೆ ಅದರಲ್ಲಿ ಜಾಗ ಸಿಗುವುದು ಅಸಾಧ್ಯ ಅಂತ ಲೀಗ್‌ನ ಮುಖ್ಯಸ್ಥರೇ ಹೇಳಿದ್ದರು. ಚಾವಣಿಯಿರುವ, 15,000 ಜನ ಕೂರುವ ಕ್ರೀಡಾಂಗಣ ಕಟ್ಟಿದರೆ ನೋಡೋಣ ಅಂದರು. ಇವರು ಕಟ್ಟಿಯೇಬಿಟ್ಟರು.

ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಲಕ್ಷ ಜನರೆದುರು ಆಡಿದವನು ಈ ನೌಕರರ ನಡುವೆ ನಿಂತು ಏನು ಮಾಡಿದ ಅಂತ ಯೋಚಿಸು. ಕಲಿಸಿದ. ಆಡುತ್ತಲೇ ಕಲಿಸಿದ. ವೃತ್ತಿಪರ ಆಟಗಾರ ಹೇಗಿರಬೇಕು ಅಂತ ಅವರು ಅವನನ್ನು ನೋಡಿ ತಿಳಿದುಕೊಂಡರು. ಸಮಾಧಾನದ ಮನುಷ್ಯನೇನೂ ಆಗಿರಲಿಲ್ಲ. 1994ರ ಜನವರಿಯಲ್ಲಿ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಎದುರಾಳಿಗೆ ಪೆನಾಲ್ಟಿ ಕೊಟ್ಟರೆಂದು ಸಿಟ್ಟಾಗಿ ಚೆಂಡಿನ ಮೇಲೆ ಉಗುಳಿ, ಮೈದಾನದಿಂದ ಹೊರಗೆ ಹಾಕಿಸಿಕೊಂಡಿದ್ದ! ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ 1993ರ ಮೇ 16ರಂದು, ಜೆ ಲೀಗ್‌ನ ತಮ್ಮ ಮೊಟ್ಟಮೊದಲ ಪಂದ್ಯದಲ್ಲಿ, ಕಾಶಿಮಾ ಆಂಟ್ಲರ್ಸ್ ಎಂಬ ಹೊಸ ಹೆಸರಿನ ಆ ಕಾರ್ಖಾನೆಯ ತಂಡ ನಗೋಯಾ ತಂಡವನ್ನು 5-0ಯಿಂದ ಸೋಲಿಸಿದಾಗ, ನಲವತ್ತು ವರ್ಷದ ಜಿಕೊ ಹ್ಯಾಟ್ರಿಕ್ ಹೊಡೆದಿದ್ದ.

ಇವತ್ತು ಜೆ ಲೀಗ್ ಅನ್ನು ಅತಿ ಹೆಚ್ಚು ಸಲ ಗೆದ್ದ ಕ್ಲಬ್ ಯಾವುದು ಗೊತ್ತಾ? ಆ ಕಾರ್ಖಾನೆಯ ತಂಡವೇ. ಸಮರ್ಪಣೆ, ಪ್ರಾಮಾಣಿಕತೆ, ಗೌರವ ಅಂತ ಜಿಕೊ ಬಿಟ್ಟುಹೋದ ಮೂರು ಮಾತುಗಳನ್ನು ಅಲ್ಲಿ ಈಗಲೂ ಪಾಲಿಸುತ್ತಾರೆ. ಕ್ರೀಡಾಂಗಣದ ಹೊರಗೆ ಅವನ ಪ್ರತಿಮೆಯಿದೆ. 2018ರಲ್ಲಿ ತಾಂತ್ರಿಕ ನಿರ್ದೇಶಕನಾಗಿ ಅಲ್ಲಿಗೇ ವಾಪಸಾದ, ಅದೇ ವರ್ಷ ಕಾಶಿಮಾ ಮೊದಲ ಸಲ ಏಷ್ಯಾದ ಚಾಂಪಿಯನ್ ಆಯಿತು. ಅವನ ಫ್ರೀ ಕಿಕ್‌ಗಳನ್ನು ನಾನು ಎಷ್ಟು ಪ್ರೀತಿಸಿದರೂ, ಅವನು ಮಾಡಿದ್ದರಲ್ಲಿ ಹೆಚ್ಚು ಬಾಳಿಕೆ ಬಂದದ್ದು ಈ ಊರು ಅಂತಲೇ ನನ್ನ ಲೆಕ್ಕ.

ಜಗತ್ತಿನ ಮಹಾ ಕೋಚ್‌ಗಳ ಸಾಲಿನಲ್ಲಿ ಅವನನ್ನು ಯಾರೂ ಮೊದಲು ಹೆಸರಿಸುವುದಿಲ್ಲ, ನಾನೂ ಹೆಸರಿಸುವುದಿಲ್ಲ. ಫೆನರ್‌ಬಾಚೆಯನ್ನು ಟರ್ಕಿಯ ಚಾಂಪಿಯನ್ ಮಾಡಿ, ಮರುವರ್ಷ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ವರೆಗೆ ಒಯ್ದ. ರಷ್ಯಾ, ಗ್ರೀಸ್, ಇರಾಕ್ ಸುತ್ತಿದ, ಅಲ್ಲೆಲ್ಲ ಹೆಚ್ಚು ದಿನ ನಿಲ್ಲಲಿಲ್ಲ. ನನಗೆ ಇಷ್ಟವಾಗುವುದು 2002ರಿಂದ 2006ರವರೆಗೆ ಜಪಾನ್ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಜಿಕೊ. ನಮ್ಮ ಭಾರತಕ್ಕೆ ಸೈತಾಮಾದಲ್ಲಿ 7-0, ಕೋಲ್ಕತ್ತದಲ್ಲಿ 4-0 ಹೊಡೆದ ತಂಡ ಅದೇ. ಅವನಿಗಿಂತ ಮುಂಚಿನ ಕೋಚ್ ಎಲ್ಲವನ್ನೂ ತಾನೇ ಬಿಗಿಯಾಗಿ ಹಿಡಿದಿದ್ದವರು. ಜಿಕೊ ಬಂದು, ಮೈದಾನದಲ್ಲಿ ನೀವೇ ಯೋಚಿಸಿ ಅಂತ ಆಟಗಾರರಿಗೆ ಬಿಟ್ಟ. ಜಪಾನಿನಲ್ಲಿ ಅನೇಕರು ಇದನ್ನು ಬೈದರು.

2004ರ ಏಷ್ಯಾ ಕಪ್‌ನಲ್ಲಿ, ಚೀನಾದ ಚೋಂಗ್‌ಚಿಂಗ್‌ನಲ್ಲಿ, ಜೋರ್ಡಾನ್ ವಿರುದ್ಧ ಶೂಟೌಟ್. ಪೆನಾಲ್ಟಿ ಜಾಗದ ಹುಲ್ಲು ಕಿತ್ತುಬರುತ್ತಿತ್ತು. ಒದೆಯಲು ಊರಿದ ಕಾಲು ಜಾರಿ ಜಪಾನಿನ ನಕಮುರಾನ ಚೆಂಡು ಆಕಾಶಕ್ಕೆ ಹೋಯಿತು. ಅವನ ಹಿಂದೆ ಬಂದ ಅಲೆಕ್ಸ್‌ನದೂ ಹಾಗೇ. ಆಗ ನಾಯಕ ಮಿಯಾಮೊಟೊ ಸೀದಾ ರೆಫರಿ ಹತ್ತಿರ ನಡೆದು, ಇದು ಸರಿಯಿಲ್ಲ, ಆ ತುದಿಯ ಗೋಲಿಗೆ ಬದಲಾಯಿಸಿ ಅಂತ ವಾದಿಸಿದ. ಶೂಟೌಟ್ ನಡುವೆ ತುದಿ ಬದಲಾಯಿಸುವುದನ್ನು ಯಾರಾದರೂ ಕಂಡಿದ್ದಾರಾ? ರೆಫರಿ ಒಪ್ಪಿದರು. ಗೋಲ್‌ಕೀಪರ್ ಕವಾಗುಚಿ ಅದ್ಭುತವಾಗಿ ತಡೆದ, ಜಪಾನ್ ಗೆದ್ದಿತು, ಆಮೇಲೆ ಕಪ್ಪನ್ನೂ ಗೆದ್ದಿತು. ರೆಫರಿ ಬಳಿಗೆ ನಡೆದದ್ದು ಕೋಚ್ ಅಲ್ಲ, ಆಟಗಾರ. ಆ ಧೈರ್ಯ ಆಟಗಾರನಲ್ಲಿ ಬೆಳೆಯಲು ಜಾಗ ಬಿಟ್ಟವನು ಕೋಚ್.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. 2006ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 84ನೇ ನಿಮಿಷದವರೆಗೂ ಜಪಾನ್ ಮುಂದಿತ್ತು, 3-1ರಲ್ಲಿ ಸೋತಿತು. 2015ರ ಡಿಸೆಂಬರ್ 20ರಂದು ಫಾತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಆದದ್ದನ್ನು ನೀನೇ ಕಂಡಿದ್ದೀಯ. 87ನೇ ನಿಮಿಷದಲ್ಲಿ ಗೋವಾ 2-1, ಕಪ್ ಕೈಗೇ ಬಂದಿತ್ತು. 90ನೇ ನಿಮಿಷಕ್ಕೆ ಗೋವಾದವರಿಂದ ತಮ್ಮದೇ ಗೋಲಿಗೆ ಸ್ವಂತ ಗೋಲು, ತೊಂಬತ್ತರ ಮೇಲೆ ಸೇರಿಸಿದ ನಿಮಿಷಗಳಲ್ಲಿ ಎದುರಾಳಿ ಚೆನ್ನೈಯಿನ್‌ನ ಮೆಂಡೋಜಾ ಮತ್ತೊಂದು. ಆಟಗಾರನಾಗಿದ್ದರೆ ಚೆಂಡಿನ ಹಿಂದೆ ಓಡಬಹುದಿತ್ತು. ಗೆರೆಯಾಚೆ ನಿಂತವನು ಓಡುವಂತಿಲ್ಲ. ನಿನ್ನ ಸಂಕಟ ಇದೇ ಅಂತ ನನಗೆ ಗೊತ್ತು.

ಡಾಕ್ಟರು ಮತ್ತೆ ಆಡಬಹುದು ಅಂದಿದ್ದಾರೆ. ಅದನ್ನು ನಾನೂ ನಂಬಿದ್ದೇನೆ, ಆ ಆಸೆ ಬಿಡು ಅಂತ ಹೇಳುತ್ತಿಲ್ಲ. ಆದರೆ ಆ ಹುಡುಗಿಯರನ್ನು ಅಲ್ಲಿವರೆಗೆ ಕಾಯಿಸಬೇಡ. ಕೆಲವರಿಗೆ ಬೂಟಿನ ಲೇಸ್ ಕಟ್ಟಲೂ ಸರಿಯಾಗಿ ಬರುವುದಿಲ್ಲ ಅಂದೆಯಲ್ಲ, ಅಲ್ಲಿಂದಲೇ ಶುರುಮಾಡು. ಎಡಗಾಲಿನ ಪಾಸ್ ಕಲಿಸು, ನಿನಗೆ ಆ ವಯಸ್ಸಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ. ಕುರ್ಚಿ ಹಾಕಿಕೊಂಡು ಕೂತೇ ಕಲಿಸು, ಪರವಾಗಿಲ್ಲ. ಕೋಚಿಂಗ್‌ನ ಡಿ ಲೈಸೆನ್ಸ್ ಕೋರ್ಸಿಗೆ ಅರ್ಜಿ ಯಾವಾಗ ಕರೆಯುತ್ತಾರೆ ವಿಚಾರಿಸು, ಫೀಸು ನಾನು ಕಟ್ಟುತ್ತೇನೆ. ಹುಡುಗಿಯರ ಮೊದಲ ಪಂದ್ಯ ಯಾವ ದಿನ ಅಂತ ಗೊತ್ತಾದ ಕೂಡಲೇ ತಿಳಿಸು, ಬೆಂಗಳೂರಿಗೆ ಟಿಕೆಟ್ ಮಾಡಿಸಬೇಕು.

ನಿನ್ನ
ಅಮ್ಮ