ಕಡಲಿನ ತಳದ ಹೊಟ್ಟೆಪಾಡು

ನುಮಾಜು, ಜಪಾನ್

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಹೂಮಳೆ ಸರಿಯಾದ ಹೊತ್ತಿಗೆ ಬಂತು ಅಂತ ಅಣ್ಣ ಹೇಳಿದ, ಸಮಾಧಾನ ಆಯಿತು. ಮೆಣಸಿನ ಬಳ್ಳಿಗೆ ಈ ಸಲ ರೋಗ ಕಡಿಮೆ ಅಂತಲೂ ಅಂದ. ಅವನು ಯಾವಾಗಲೂ ಹಾಗೇ ಹೇಳೋದು, ನಿಮ್ಮ ಬಾಯಿಂದ ಕೇಳಿದ ಮೇಲೆ ನಂಬುತ್ತೇನೆ.

ಮೊನ್ನೆ ಫೋನಿನಲ್ಲಿ ಪುಟ್ಟ, "ಚಿಕ್ಕಪ್ಪ, ನೀನಿರೋ ಊರಿನ ಸಮುದ್ರದಲ್ಲಿ ರಾಕ್ಷಸರಿದ್ದಾರೆ, ವಿಡಿಯೋದಲ್ಲಿ ನೋಡಿದೆ" ಅಂದ. ಹಿಂದಿನಿಂದ ನೀವು "ಅದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಕಣೋ" ಅಂದದ್ದೂ ಕೇಳಿಸಿತು. ಅಷ್ಟರಲ್ಲಿ ನಮ್ಮ ಮೂಡಿಗೆರೆ ಕಡೆಯ ನೆಟ್‌ವರ್ಕ್ ಕೈಕೊಟ್ಟಿತು. ಅದಕ್ಕೇ ಈ ಕಾಗದ. ನೀವಿಬ್ಬರೂ ಹೇಳಿದ್ದು ಅರ್ಧ ಸರಿ. ಪ್ರಾಣಿಗಳು ನಿಜ, ರಾಕ್ಷಸರು ಸುಳ್ಳು. ಆ ಹಲ್ಲು, ಆ ದೀಪ, ಅಷ್ಟಗಲ ಬಾಯಿ ಎಲ್ಲ ಹೊಟ್ಟೆಪಾಡಿಗೆ. ನಾನು ಇಲ್ಲಿ ನೋಡಿ, ಓದಿ ತಿಳಿದದ್ದು ಇಷ್ಟೇ. ಉಳಿದದ್ದು ವಿವರ.

ನಮ್ಮ ಫ್ಯಾಕ್ಟರಿ ಇರುವ ಈ ಊರು ಸುರುಗಾ ಕೊಲ್ಲಿಯ ದಂಡೆಯಲ್ಲಿದೆ. ತಲೆ ಎತ್ತಿದರೆ ಫ್ಯೂಜಿ ಪರ್ವತ, 3776 ಮೀಟರ್. ಎದುರಿಗೆ ಜಪಾನಿನ ಅತಿ ಆಳದ ಕೊಲ್ಲಿ, ಸುಮಾರು 2500 ಮೀಟರ್. ನಮ್ಮ ಮುಳ್ಳಯ್ಯನಗಿರಿಯನ್ನು ಸಮುದ್ರಮಟ್ಟದಿಂದ ಕಿತ್ತು ಇದರೊಳಗೆ ಇಟ್ಟರೆ ತುದಿಯ ಮೇಲೆ ಇನ್ನೂ ಐನೂರು ಮೀಟರಿಗಿಂತ ಜಾಸ್ತಿ ನೀರು ನಿಲ್ಲುತ್ತದೆ. ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಜಾಗ ಇದು. ಹಾಗಾಗಿ ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಆಳ ಶುರು. ಮಲ್ಪೆಯ ಬೋಟಿನವರು ಆಳಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ ಮನೆ ಕಡೆ ಬರೋದಿಲ್ಲ ಅಲ್ವಾ? ಇಲ್ಲಿ ಬೆಳಗ್ಗೆ ಹೋದವರು ಅದೇ ದಿನ ವಾಪಸ್. ಬಲೆಯಲ್ಲಿ ಮೀನಿನ ಜೊತೆ ಏನೇನೋ ಬರುತ್ತದೆ. ಮಾರೋಕೆ ಬಾರದ ಕೆಲವು ಜೀವಂತವಾಗಿ ಬಂದರಿನ ಪಕ್ಕದ ಆಳಸಮುದ್ರದ ಅಕ್ವೇರಿಯಮ್ಮಿಗೆ ಹೋಗುತ್ತವೆ. ರಜೆ ಇದ್ದ ದಿನ ಅಲ್ಲಿಗೆ ಹೋಗೋದು ನನಗೀಗ ಅಭ್ಯಾಸ.

ಮೊದಲು ಊಟದ ಲೆಕ್ಕ ಹೇಳಿಬಿಡುತ್ತೇನೆ, ನಿಮಗೆ ಬೇಗ ಅರ್ಥವಾಗುತ್ತದೆ. ಸಮುದ್ರದಲ್ಲಿ 200 ಮೀಟರ್ ಇಳಿದರೆ ಪಾಚಿ ಬೆಳೆಯುವಷ್ಟೂ ಬೆಳಕಿಲ್ಲ. 1000 ಮೀಟರಿನ ಕೆಳಗೆ ಬಿಸಿಲಿನ ಸುಳಿವೇ ಇಲ್ಲ. ಬೆಳೆಯೇ ಇಲ್ಲ ಅಂದಮೇಲೆ ಊಟ ಮೇಲಿಂದ ಬೀಳಬೇಕು. ಸತ್ತ ಜೀವಿಗಳ ಚೂರು, ಹಿಕ್ಕೆ, ಲೋಳೆ ನಿಧಾನಕ್ಕೆ ಉದುರುತ್ತಾ ಇರುತ್ತದೆ. ದಾರಿಯಲ್ಲೇ ಬೇರೆಯವು ಬಹುಪಾಲು ಮುಗಿಸುತ್ತವೆ, ತಳ ಮುಟ್ಟೋದು ಅಲ್ಪಸ್ವಲ್ಪ. ಎಂದೋ ಒಂದು ತಿಮಿಂಗಿಲ ಸತ್ತು ಬಿದ್ದರೆ ಅಲ್ಲಿ ವರ್ಷಗಟ್ಟಲೆ ಊಟ. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅಂಥ ಒಂದು ತಿಮಿಂಗಿಲದ ಮೂಳೆಯ ಮೇಲೆ ಹೊಸ ಜಾತಿಯ ಹುಳಗಳು ಸಿಕ್ಕವು. ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಬೇರು ಬಿಟ್ಟು, ಆಮ್ಲದಿಂದ ಮೂಳೆಯನ್ನೇ ಕರಗಿಸಿ, ಮೈಯೊಳಗಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಬದುಕುತ್ತವೆ.

ಪುಟ್ಟನಿಗೆ ಇಷ್ಟವಾಗೋದು ದೈತ್ಯ ಐಸೊಪಾಡ್. ನಮ್ಮ ತೋಟದಲ್ಲಿ ತರಗೆಲೆ ಸರಿಸಿದರೆ ಬೂದುಬಣ್ಣದ ಸಣ್ಣ ಹುಳ ಇರುತ್ತದಲ್ಲ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುತ್ತದಲ್ಲ, ಅದರಲ್ಲಿ ಒಂದು ಜಾತಿಗೆ ಇದು ದೂರದ ನೆಂಟ. ಆದರೆ ಇದು ಒಂದು ಅಡಿಗೂ ಜಾಸ್ತಿ ಬೆಳೆಯುತ್ತದೆ. ನಮ್ಮ ಬಂಗಾಳ ಕೊಲ್ಲಿಯ ತಳದಲ್ಲೂ ಇದರ ಬಳಗ ಇದೆ. ಗಾಜಿಗೆ ಮೂಗು ತಾಗಿಸಿ ನೋಡಿದೆ. ಒಂದರ ಮೇಲೊಂದು ಹತ್ತಿದ ಚಿಪ್ಪಿನ ಪಟ್ಟಿಗಳು. ಹೊಟ್ಟೆಯ ಅಡಿ ಏಳು ಜೊತೆ ಕಾಲು, ತುದಿಗಳು ಕೊಕ್ಕೆಯಂತೆ ಬಾಗಿವೆ. ಮುಖದ ಎರಡೂ ಬದಿಗೆ ಮುಮ್ಮೂಲೆಯ ಕಣ್ಣು, ಟಾರ್ಚ್ ಬಿಟ್ಟರೆ ಫಳ್ ಅನ್ನುತ್ತವಂತೆ. ಅಲ್ಲಾಡೋದೇ ಇಲ್ಲ. ನನ್ನ ಪಕ್ಕದಲ್ಲಿದ್ದ ಒಬ್ಬಳು ಅಜ್ಜಿ "ಸತ್ತಿದೆಯಾ?" ಅಂತ ಕೇಳಿದಳು. ಅಷ್ಟರಲ್ಲಿ ಅದು ಒಂದು ಮೀಸೆ ಆಡಿಸಿತು. ಅವತ್ತಿನ ಕೆಲಸ ಅಷ್ಟೇ ಇರಬೇಕು.

ಇಲ್ಲಿನ ಮಿಎ ಪ್ರಾಂತ್ಯದ ತೊಬಾ ಅಕ್ವೇರಿಯಮ್ಮಿನಲ್ಲಿ ಇದೇ ಜಾತಿಯ ಒಂದು ಪ್ರಾಣಿ ಇತ್ತು. ಅದು 2009ರ ಜನವರಿ 2ರಂದು ಒಂದು ಮೀನು ತಿಂದಿತು. ಆಮೇಲೆ ಏನು ಕೊಟ್ಟರೂ ಮುಟ್ಟಲಿಲ್ಲ. 2014ರ ಫೆಬ್ರವರಿ 14ರಂದು ಸತ್ತಿತು. ಐದು ವರ್ಷಕ್ಕೂ ಮೇಲೆ ಉಪವಾಸ! ಅಮ್ಮನ ಏಕಾದಶಿ ಇದರ ಮುಂದೆ ಯಾವ ಲೆಕ್ಕ. ಸಿಕ್ಕಾಗ ಬಿರಿಯುವಷ್ಟು ತಿನ್ನೋದು, ಸಿಗದಿದ್ದಾಗ ಮೈಯ ಖರ್ಚನ್ನೇ ಇಳಿಸಿ ಸುಮ್ನೆ ಕೂರೋದು. ತಳದಲ್ಲಿ ಬದುಕುವವರಿಗೆ ಅದೇ ಉಪಾಯ.

ಇನ್ನು ದೀಪದ ಮೀನು. ಪುಟ್ಟ ರಾಕ್ಷಸ ಅಂದದ್ದು ಇದನ್ನೇ ಇರಬೇಕು. ಆಂಗ್ಲರ್ ಅನ್ನುತ್ತಾರೆ. ತಲೆಯ ಮೇಲೆ ಒಂದು ಕಡ್ಡಿ, ತುದಿಯಲ್ಲಿ ಸಣ್ಣ ಬಲ್ಬು. ಬೆಳಕು ಮೀನಿನದ್ದಲ್ಲ, ಬಲ್ಬಿನೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳದ್ದು. ಕತ್ತಲಲ್ಲಿ ಓಡಾಡಿ ಬೇಟೆ ಹುಡುಕುವಷ್ಟು ಶಕ್ತಿ ಖರ್ಚು ಮಾಡುವ ಹಾಗಿಲ್ಲ, ಅದಕ್ಕೇ ಇದ್ದಲ್ಲೇ ದೀಪ ಹಚ್ಚಿ ಕಾಯುತ್ತದೆ. ಇಷ್ಟೆಲ್ಲ ಇರೋದು ಹೆಣ್ಣಿಗೆ. ಗಂಡು ಹೆಚ್ಚಿನ ಜಾತಿಗಳಲ್ಲಿ ಬೆರಳಿನಷ್ಟೂ ಇರೋದಿಲ್ಲ. ಕೆಲವು ಜಾತಿಗಳಲ್ಲಿ ಅದು ವಾಸನೆ ಹಿಡಿದು ಹೆಣ್ಣನ್ನು ಹುಡುಕಿ, ಹೊಟ್ಟೆಗೆ ಬಾಯಿ ಕಚ್ಚಿಬಿಟ್ಟರೆ ಮುಗಿಯಿತು, ಇಬ್ಬರ ಚರ್ಮ ಕೂಡಿಕೊಳ್ಳುತ್ತದೆ, ರಕ್ತನಾಳವೂ ಒಂದಾಗುತ್ತದೆ. ಆಮೇಲೆ ಅದರ ಊಟ ಎಲ್ಲ ಹೆಂಡತಿಯ ರಕ್ತದಿಂದ. ಮನೆ ಅಳಿಯ ಅಂದರೆ ಇವನು! 1922ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿ ಬ್ಯಾರ್ನಿ ಸೈಮುಂಡ್ಸನ್ ಹೀಗೆ ಅಂಟಿಕೊಂಡದ್ದನ್ನು ನೋಡಿ ಮರಿಗಳು ಅಂದುಕೊಂಡಿದ್ದರು. ಮೂರು ವರ್ಷದ ನಂತರ ಇಂಗ್ಲೆಂಡಿನ ಟೇಟ್ ರೀಗನ್, ಅಂಥ ಸಣ್ಣ ಮೀನು ಗಂಡು ಅಂತ ತೋರಿಸಿಕೊಟ್ಟರು.

ಇದರಲ್ಲಿ ಡಾಕ್ಟರುಗಳಿಗೂ ಆಸಕ್ತಿ ಬಂದಿದೆ. ಮನುಷ್ಯರಿಗೆ ಬೇರೆಯವರ ಕಿಡ್ನಿ ಹಾಕಿದರೆ ಮೈ ಅದನ್ನು ಪರಕೀಯ ಅಂತ ಹೊರದೂಡಲು ನೋಡುತ್ತದೆ, ಜೀವಮಾನವಿಡೀ ಮಾತ್ರೆ ನುಂಗಬೇಕು. ಈ ಮೀನು ಇಡೀ ಗಂಡನನ್ನೇ ಮೈಗೆ ಕಸಿ ಮಾಡಿಕೊಂಡರೂ ಏನೂ ಆಗೋದಿಲ್ಲ. 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಹೀಗೆ ಕಾಯಂ ಕೂಡಿಕೊಳ್ಳುವ ಜಾತಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಮುಖ್ಯ ಜೀನುಗಳೇ ಕಳೆದುಹೋಗಿವೆ. ಹಾಗಿದ್ದರೂ ಕಾಯಿಲೆ ಬೀಳದೆ ಬದುಕಿವೆ. ಕಸಿ ಕಟ್ಟುವ ನಿಮಗೆ ಈ ಮಾತು ಹಿಡಿಸುತ್ತದೆ ಅಂತ ಗೊತ್ತು.

ಅಕ್ವೇರಿಯಮ್ಮಿಗೆ ಜನ ಜಾಸ್ತಿ ಬರೋದು ಸೀಲಕಾಂತ್ ನೋಡೋಕೆ. ಡೈನೋಸಾರುಗಳ ಜೊತೆಗೇ ಅಳಿದುಹೋಯಿತು ಅಂದುಕೊಂಡಿದ್ದ ಮೀನು, 1938ರಲ್ಲಿ ದಕ್ಷಿಣ ಆಫ್ರಿಕಾದ ಬಲೆಯಲ್ಲಿ ಸಿಕ್ಕಿತು. ಇಲ್ಲಿ ಇರೋದು ಫ್ರೀಜರಿನಲ್ಲಿಟ್ಟ ಮೀನು. ಹೆಸರು ದೊಡ್ಡದು, ಆದರೆ ನನಗೆ ಹೆಪ್ಪುಗಟ್ಟಿದ ಮೀನಿಗಿಂತ ಮೀಸೆ ಆಡಿಸಿದ ಐಸೊಪಾಡೇ ಹೆಚ್ಚು.

ನಿಮಗೆ ತೋರಿಸಬೇಕು ಅಂತ ಅನ್ನಿಸಿದ್ದು ಅಕ್ವೇರಿಯಮ್ಮಿನಲ್ಲಿ ಇರುವಂಥದ್ದಲ್ಲ. ಫ್ಯೂಜಿ ನದಿಯ ಬಯಲಿನಲ್ಲಿ ಒಣಹಾಕುವ ಸಕುರಾ ಸಿಗಡಿ. ನಾಲ್ಕು ಸೆಂಟಿಮೀಟರಿನ ಪುಟಾಣಿ. ಹಗಲು 200 ರಿಂದ 300 ಮೀಟರ್ ಆಳದಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲೆ ತಿನ್ನಲು ಮೇಲೆ ಬರುತ್ತದೆ. ಜಗತ್ತಿನ ಸಮುದ್ರಗಳಲ್ಲೆಲ್ಲ ದಿನಾ ರಾತ್ರಿ ಇದೇ ನಡೆಯುತ್ತದಂತೆ. ಲೆಕ್ಕವಿಲ್ಲದಷ್ಟು ಜೀವಗಳು ಸಂಜೆ ಮೇಲೆ, ಬೆಳಗಿನ ಜಾವ ಕೆಳಗೆ. ಹಗಲು ಮೇಲಿದ್ದರೆ ಯಾರಾದರೂ ತಿಂದುಬಿಡುತ್ತಾರೆ, ರಾತ್ರಿ ಕೆಳಗಿದ್ದರೆ ಹಸಿವು. ಈ ಸಿಗಡಿಯ ಮೈಯಲ್ಲಿ ನೂರೈವತ್ತಕ್ಕೂ ಹೆಚ್ಚು ಬೆಳಕಿನ ಚುಕ್ಕೆಗಳಿವೆ. ಕೆಳಗಿನಿಂದ ನೋಡುವ ವೈರಿಗೆ ತನ್ನ ನೆರಳು ಕಾಣದ ಹಾಗೆ ಹೊಟ್ಟೆಯ ಕಡೆ ಮಿನುಗುತ್ತದೆ.

ಇದನ್ನು ಹಿಡಿಯೋದು ಶುರುವಾದ ಕತೆ ಮಜವಾಗಿದೆ. 1894ರಲ್ಲಿ ಯುಯಿ ಅನ್ನುವ ಊರಿನ ಇಬ್ಬರು ಬೇರೆ ಮೀನಿಗೆ ಅಂತ ರಾತ್ರಿ ಹೋದರು. ಬಲೆ ತೇಲಿಸುವ ಪೀಪಾಯಿ ತರೋದೇ ಮರೆತಿದ್ದರು. ಬಲೆ ಆಳಕ್ಕೆ ಇಳಿಯಿತು, ಎಳೆದು ನೋಡಿದರೆ ತುಂಬಾ ಕೆಂಪು ಸಿಗಡಿ! ಈಗಲೂ ಎರಡೆರಡು ದೋಣಿ ಜೋಡಿಯಾಗಿ ರಾತ್ರಿ ಹೋಗಿ ಹಿಡಿಯುತ್ತವೆ. ಬಂದ ದುಡ್ಡನ್ನು ದಶಕಗಳಿಂದ ಒಟ್ಟು ಹಾಕಿ ಹಂಚಿಕೊಳ್ಳುವ ಪದ್ಧತಿ ಇದೆ, ಹಾಗಾಗಿ ನಾ ಮುಂದು ತಾ ಮುಂದು ಅಂತ ಬಾಚುವ ಪೈಪೋಟಿ ಇಲ್ಲ. 2018ರಲ್ಲಿ ಸಿಗಡಿ ತೀರಾ ಕಡಿಮೆಯಾದಾಗ ಆ ವರ್ಷದ ಶರತ್ಕಾಲದ ಬೇಟೆಯನ್ನೇ ನಿಲ್ಲಿಸಿದರು. ನಮ್ಮೂರಿನ ಬೆಳೆಗಾರರ ಸಂಘದ ಮೀಟಿಂಗು ನೆನಪಾಗಿ ನಗು ಬಂತು. ಇಷ್ಟು ಒಪ್ಪಂದಕ್ಕೆ ನಮಗೆ ಎಷ್ಟು ಮೀಟಿಂಗು ಬೇಕಾಗುತ್ತಿತ್ತೋ!

ನದಿಯ ಜಲ್ಲಿಯ ಮೇಲೆ ಕಪ್ಪು ಬಲೆ ಹಾಸಿ, ಹೆಂಗಸರು ಕೈಯಲ್ಲೇ ಸಿಗಡಿ ಉದುರಿಸುತ್ತಾ ಹೋಗುತ್ತಾರೆ. ಹಸಿಯಲ್ಲಿ ಅದರ ಮೈ ಗಾಜಿನ ಹಾಗೆ, ಆಚೆ ಕಡೆ ಕಾಣುತ್ತದೆ. ಒಣಗುತ್ತಾ ಬಂದ ಹಾಗೆ ಗುಲಾಬಿ ಗಟ್ಟಿಯಾಗುತ್ತದೆ, ಕರಿ ಚುಕ್ಕೆಯಂಥ ಕಣ್ಣು ಮಾತ್ರ ಹಾಗೇ ಉಳಿಯುತ್ತದೆ. ಮೈಗಿಂತ ಉದ್ದದ ಮೀಸೆ ಒಂದಕ್ಕೊಂದು ತೊಡರಿಕೊಂಡು, ಒಂದನ್ನು ಎತ್ತಿದರೆ ನಾಲ್ಕು ಬರುತ್ತವೆ. ಮಳೆ ಬಂದರೆ ಏನು ಮಾಡುತ್ತಾರೆ ಅಂತ ನೀವು ಕೇಳುತ್ತೀರಿ. ಮೋಡ ಇದ್ದ ದಿನ ಹರಡೋದೇ ಇಲ್ಲ.

ಕೊಲ್ಲಿಯ ತಳದಲ್ಲಿ ಇನ್ನೂ ಏನೇನಿದೆಯೋ. 2016ರಲ್ಲಿ 2000 ಮೀಟರಿಗಿಂತ ಕೆಳಗೆ ಗಾಳ ಬಿಟ್ಟಾಗ ಯಾರೂ ಕಂಡಿರದ ಒಂದು ಮೀನು ಸಿಕ್ಕಿತು. ಒಂದು ಮೀಟರಿಗಿಂತ ಉದ್ದ, ಬೇರೆ ಮೀನುಗಳನ್ನು ತಿಂದು ಬದುಕುವಂಥದ್ದು. ಸುಮೊ ಕುಸ್ತಿಯ ಅತಿ ದೊಡ್ಡ ಪಟ್ಟ ಯೊಕೊಜುನ, ಅದನ್ನೇ ಈ ಮೀನಿಗೆ ಹೆಸರಾಗಿ ಇಟ್ಟಿದ್ದಾರೆ. ಇಷ್ಟು ದೊಡ್ಡ ಪ್ರಾಣಿ, ಇಷ್ಟು ಜನ ಇರುವ ದಡದ ಮುಂದೆ, ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇತ್ತು.

ಅಮ್ಮನಿಗೂ ಒಂದು ವಿಷಯ ಇದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 2022ರಲ್ಲಿ ಜಪಾನಿನ ದಕ್ಷಿಣದ ಇಜು-ಒಗಸವಾರಾ ಕಂದಕದಲ್ಲಿ 8336 ಮೀಟರ್ ಆಳದಲ್ಲಿ ಒಂದು ಬಸವನಮೀನು ಈಜೋದನ್ನು ಕ್ಯಾಮೆರಾ ಹಿಡಿಯಿತು. ಅಲ್ಲಿ ಒತ್ತಡ ನಮ್ಮ ಅಂಗಳದ್ದಕ್ಕಿಂತ 800 ಪಟ್ಟಿಗೂ ಹೆಚ್ಚು. ಮೀನು ಮಾತ್ರ ತೆಳ್ಳಗೆ, ಮೆತ್ತಗೆ, ಹುರುಪೆ ಕೂಡ ಇಲ್ಲ. ಅದು ಅಪ್ಪಚ್ಚಿ ಆಗದಿರಲು ಒಂದು ಕಾರಣ ಟಿಎಂಎಓ ಅನ್ನುವ ರಾಸಾಯನಿಕ. ಒತ್ತಡಕ್ಕೆ ಮೈಯ ಪ್ರೋಟೀನು ಕೆಡದಂತೆ ಕಾಯುತ್ತದೆ. ಆಳ ಹೆಚ್ಚಿದಷ್ಟೂ ಮೀನಿನಲ್ಲಿ ಅದು ಜಾಸ್ತಿ. ಮೀನು ಸತ್ತ ಮೇಲೆ ಅದೇ ಒಡೆದು ವಾಸನೆಯಾಗುತ್ತದೆ. ಚಾರ್ಮಾಡಿ ಹತ್ತಿ ಬರುವ ಬಂಗುಡೆಯ ಬುಟ್ಟಿ ಮೂಸಿ ನೋಡಿ "ನಿನ್ನೆಯದ್ದು" ಅಂತ ಅಮ್ಮ ವಾಪಸ್ ಕಳಿಸುತ್ತಾಳಲ್ಲ, ಅವಳು ಹಿಡಿಯೋದು ಇದನ್ನೇ.

ಕುರೂಪದ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಆಸ್ಟ್ರೇಲಿಯಾ ಕಡೆಯ ಬ್ಲಾಬ್‌ಫಿಶ್ ಅನ್ನು 2013ರಲ್ಲಿ ಜಗತ್ತಿನ ಅತಿ ಕುರೂಪಿ ಪ್ರಾಣಿ ಅಂತ ಓಟು ಹಾಕಿ ಆರಿಸಿದರು. ಆ ಜೋಲು ಮೂಗಿನ ಫೋಟೋ ಪುಟ್ಟನೂ ನೋಡಿರುತ್ತಾನೆ. ಒತ್ತಡದಲ್ಲಿ ಹದವಾಗಿದ್ದ ಮೈಯನ್ನು ಸರಕ್ಕನೆ ಮೇಲೆಳೆದು ಹಾಳು ಮಾಡಿ, ಆಮೇಲೆ ಕುರೂಪಿ ಅನ್ನೋದು ಯಾವ ನ್ಯಾಯ? ಕೆಳಗೆ ಅದು ಸಾಮಾನ್ಯ ಮೀನಿನ ಹಾಗೇ ಇರುತ್ತದೆ. ಮೈ ಮೆತ್ತಗಿರೋದರಿಂದ ಹೆಚ್ಚು ಈಜದೆ ತಳದ ಹತ್ತಿರ ತೇಲಬಹುದು, ಶಕ್ತಿ ಉಳಿತಾಯ.

ಮೇಲಿನ ಊಟಕ್ಕೆ ಕಾಯದವರೂ ಇದ್ದಾರೆ. 1977ರಲ್ಲಿ ಗಲಪಗೋಸ್ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕಿದವು. ಅಲ್ಲಿ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಅನಿಲದಿಂದಲೇ ಆಹಾರ ಮಾಡಿಕೊಳ್ಳುತ್ತವೆ, ಬಿಸಿಲೇ ಬೇಡ. ನಮ್ಮ ಹಿಂದೂ ಮಹಾಸಾಗರದ ಅಂಥ ಬುಗ್ಗೆಯಲ್ಲಿ 2001ರಲ್ಲಿ ಒಂದು ಬಸವನಹುಳ ಸಿಕ್ಕಿತು. ಅದರ ಕಾಲಿಗೆ ಕಬ್ಬಿಣ ಮತ್ತು ಗಂಧಕದ ಹುರುಪೆ! ಆ ಬುಗ್ಗೆಗಳ ಅದಿರಿನ ಮೇಲೆ ದೇಶಗಳಿಗೆ ಕಣ್ಣು ಬಿದ್ದಿದೆ. ಗಣಿಗಾರಿಕೆಯ ಭಯದಿಂದಲೇ 2019ರಲ್ಲಿ ಈ ಹುಳವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಕುದುರೆಮುಖ ನೋಡಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನೈನ ಸಂಸ್ಥೆಯೊಂದು ಮೂವರನ್ನು 6000 ಮೀಟರಿಗೆ ಇಳಿಸುವ ಮತ್ಸ್ಯ ಅನ್ನುವ ವಾಹನ ಕಟ್ಟುತ್ತಿದೆ. ಅದರ ಸುದ್ದಿ ಪೇಪರಿನಲ್ಲಿ ಬಂದರೆ ಪುಟ್ಟನಿಗೆ ಕತ್ತರಿಸಿ ಇಡಿ.

ಊಟ ಹೇಗೆ ಅಂತ ಅಮ್ಮ ಕೇಳಿದ್ದಳು. ಇಲ್ಲಿನ ಉದ್ದಕಾಲಿನ ಜೇಡ ಏಡಿ, ದೊಡ್ಡದಾದರೆ ಕಾಲು ಚಾಚಿದಾಗ ಮೂರೂವರೆ ಮೀಟರ್ ದಾಟಬಹುದು, ಅದನ್ನೂ ತಿಂದೆ. ನೀರು ನೀರು. ಕೊಟ್ಟ ದುಡ್ಡಿಗೆ ಮೋಸ. ನಮ್ಮ ಗದ್ದೆ ಏಡಿಯ ಸಾರಿನ ಕಾಲು ಭಾಗಕ್ಕೂ ಬರೋದಿಲ್ಲ. ಹಸಿರು ಹೊಳೆವ ಕಣ್ಣಿನ ಮೆಹಿಕಾರಿ ಅಂತ ಸಣ್ಣ ಮೀನು, ಮುಳ್ಳು ಸಮೇತ ಕರಿದು ಕೊಡುತ್ತಾರೆ, ಅದು ಮಾತ್ರ ಸೊಗಸು. ಕೆಂಪು ಕಿನ್ಮೆದಾಯಿಯನ್ನು ಸಕ್ಕರೆ ಹಾಕಿ ಬೇಯಿಸುತ್ತಾರೆ. ಸಿಹಿ ಮೀನು ನನಗೆ ಗಂಟಲಲ್ಲಿ ಇಳಿಯೋದಿಲ್ಲ, ಹಾಗಾಗಿ ಮನೆಗೆ ತಂದು ನಾನೇ ಸಾರು ಮಾಡಿಕೊಳ್ಳುತ್ತೇನೆ. ಪುಡಿ ಮುಗಿಯುತ್ತಾ ಬಂದಿದೆ. ಮುಂದಿನ ತಿಂಗಳು ಫ್ಯಾಕ್ಟರಿಯ ಇನ್ನೊಬ್ಬ ಹುಡುಗ ಹಾಸನಕ್ಕೆ ಬಂದು ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸಿ. ಬ್ಯಾಡಗಿ ಕಡಿಮೆ ಮಾಡಿ ಗುಂಟೂರು ಸ್ವಲ್ಪ ಜಾಸ್ತಿ ಹಾಕಲಿ, ಹೋದ ಸಲದ್ದು ಸಪ್ಪೆ ಇತ್ತು ಅಂತ ಅಮ್ಮನಿಗೆ ನೀವೇ ಹೇಳಿ. ನಾನು ಹೇಳಿದರೆ ಬೈಯುತ್ತಾಳೆ.

ಇಂತಿ ನಿಮ್ಮ ಮಗ,
ರವಿ