ಸೊಂಟದ ಚೀಲದ ಫೈಟು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಪ್ಪನ ಹಳೇ ಕಂಡಕ್ಟರ್ ಬ್ಯಾಗು ನೆನಪಿದೆಯಾ? ಪಟ್ಟಿ ಹಿಡಿದು ಅದನ್ನು ಗಿರಗಿರ ತಿರುಗಿಸಿ ನೀನು ನಮ್ಮ ಹಿತ್ತಲಿನ ಬಾಳೆಗಿಡ ಮುರಿದಿದ್ದೆ. ಹಿಂದಿನ ರಾತ್ರಿ ಬಾಡಿಗೆ ವಿಸಿಆರ್‌ನಲ್ಲಿ ಬ್ರೂಸ್ ಲೀಯನ್ನು ನೋಡಿದ್ದೆವು. ಅವನು ಬೀಸುವ, ಸರಪಳಿಯಿಂದ ಜೋಡಿಸಿದ ಎರಡು ಕೋಲಿನ ನಾಂಚಾಕು ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಚರ್ಮದ ಬ್ಯಾಗಿಗೆ ಜಲ್ಲಿ ತುಂಬಿಕೊಂಡೆವು. ಅಪ್ಪ ಡ್ಯೂಟಿ ಮುಗಿಸಿ ಬಂದವರು ಬೈಯಲಿಲ್ಲ. ಜಲ್ಲಿ ಸುರಿದು, ಬ್ಯಾಗು ಒರೆಸಿ, ಮೊಳೆಗೆ ನೇತುಹಾಕಿದರು.

ಇದೆಲ್ಲ ಮೊನ್ನೆ ಒಂದು ಸಿನಿಮಾ ನೋಡುವಾಗ ನುಗ್ಗಿ ಬಂತು ಕಣೋ. ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’. 2022ರದ್ದು. 2023ರ ಮಾರ್ಚ್‌ನಲ್ಲಿ ಏಳು ಆಸ್ಕರ್ ಗೆದ್ದಿತು. ಅದೇ ರಾತ್ರಿ ‘ನಾಟು ನಾಟು’ ಹಾಡಿಗೂ ಬಂದಿತ್ತಲ್ಲ, ನಾವೆಲ್ಲ ಅದರ ಖುಷಿಯಲ್ಲಿ ಇದನ್ನು ಸರಿಯಾಗಿ ಗಮನಿಸಲೇ ಇಲ್ಲ. ನಾನು ನೋಡಿದ್ದು ಈಗ, ಮಗಳು ಹಟ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ.

ಕಥೆ ಇಷ್ಟು. ಚೀನಾದಿಂದ ಅಮೆರಿಕಕ್ಕೆ ಬಂದ ಎವೆಲಿನ್ ಮತ್ತು ಅವಳ ಗಂಡ ವೇಮಂಡ್ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಾರೆ. ತೆರಿಗೆ ಇಲಾಖೆಯವರು ಲೆಕ್ಕ ಕೇಳಿದ್ದಾರೆ. ಸಿನಿಮಾ ಶುರುವಾಗುವಾಗ ಎವೆಲಿನ್ ಮೇಜಿನ ತುಂಬ ರಸೀದಿ ಹರಡಿಕೊಂಡು ಕೂತಿರುತ್ತಾಳೆ. ಹಾಡಲು ಬಳಸುವ ಕರೋಕೆ ಮೆಷಿನ್ ಕೊಂಡಿದ್ದನ್ನೂ ಅಂಗಡಿ ಖರ್ಚಿಗೆ ಸೇರಿಸಿದ್ದಾಳೆ. ಅಧಿಕಾರಿ ಆ ರಸೀದಿಗೆ ಕಪ್ಪು ಪೆನ್ನಿನಲ್ಲಿ ಒಂದು ಸುತ್ತು ಹಾಕುತ್ತಾಳೆ. ಆ ಸುತ್ತು ನೋಡಿ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಪರದೇಶದಲ್ಲಿ ಸರ್ಕಾರಿ ಕಾಗದದ ಮುಂದೆ ಕೂತವರಿಗೆ ಮಾತ್ರ ಗೊತ್ತು ಆ ಹೆದರಿಕೆ.

ಆಮೇಲೆ ಬೇರೆ ಬೇರೆ ಲೋಕಗಳು ತೆರೆದುಕೊಳ್ಳುತ್ತವೆ. ಅದನ್ನೆಲ್ಲ ಬರೆಯಲು ಹೋಗಲ್ಲ, ನೋಡಿಯೇ ತಿಳಿಯಬೇಕು. ಕೆಲವು ಕಡೆ ಗಲಾಟೆ ಜಾಸ್ತಿಯಾಯಿತು ಅಂತ ನನಗೂ ಅನಿಸಿತು. ಆದರೆ ಒಂದು ಫೈಟ್ ಇದೆ, ಅದಕ್ಕೋಸ್ಕರವೇ ಈ ಪತ್ರ ಬರೆಯಲು ಕೂತಿದ್ದು.

ವೇಮಂಡ್ ಮೆತ್ತಗಿನ ಮನುಷ್ಯ. ಗಿರಾಕಿಗಳ ಬಟ್ಟೆ ಚೀಲಕ್ಕೆ ಆಟಿಕೆಯ ಕಣ್ಣು ಅಂಟಿಸಿ ಸಂತೋಷಪಡುವವನು. ತೆರಿಗೆ ಕಚೇರಿಯಲ್ಲಿ ಇನ್ನೊಂದು ಲೋಕದ ವೇಮಂಡ್ ಅವನ ಮೈಯೊಳಗೆ ಬರುತ್ತಾನೆ. ಸೆಕ್ಯುರಿಟಿಯವರು ಸುತ್ತುವರಿಯುತ್ತಾರೆ. ಅವನು ಸೊಂಟದಲ್ಲಿ ಕಟ್ಟಿಕೊಂಡಿದ್ದ ಪುಟ್ಟ ಚೀಲ ಬಿಚ್ಚುತ್ತಾನೆ. ಪ್ರವಾಸದಲ್ಲಿ ದುಡ್ಡು ಇಟ್ಟುಕೊಳ್ಳಲು ಕಟ್ಟಿಕೊಳ್ಳುತ್ತಾರಲ್ಲ, ಅದೇ. ಪಟ್ಟಿ ಉದ್ದ ಬಿಟ್ಟು ಬೀಸುತ್ತಾನೆ ನೋಡು! ಹಗ್ಗದ ತುದಿಗೆ ಮೊನಚು ಕಟ್ಟಿ ಬೀಸುವ ಹಳೇ ಚೀನೀ ವಿದ್ಯೆಯೊಂದಿದೆ, ಇದು ಅದೇ ವರಸೆ. ಒಬ್ಬೊಬ್ಬರೂ ಉರುಳುತ್ತಾರೆ. ನಾನು ಸೋಫಾದಿಂದ ಎದ್ದು ನಿಂತುಬಿಟ್ಟಿದ್ದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಕಂಡಕ್ಟರ್ ಬ್ಯಾಗಿನ ಕಥೆ ಅವಳಿಗೆ ಹೇಳಿಯೇ ಇರಲಿಲ್ಲ.

ಈ ಫೈಟ್‌ಗಳನ್ನು ಸಂಯೋಜಿಸಿದವರು ಆಂಡಿ ಲೆ, ಬ್ರಯಾನ್ ಲೆ ಎಂಬ ಅಣ್ಣತಮ್ಮಂದಿರು. ಕ್ಯಾಲಿಫೋರ್ನಿಯಾದ ವಿಯೆಟ್ನಾಮಿ ಮನೆತನದವರು. ಹಾಂಗ್‌ಕಾಂಗ್ ಸಿನಿಮಾಗಳನ್ನು ನೋಡಿ ನೋಡಿ, ತಾವೇ ಮಾಡಿ ಕಲಿತು, ಯೂಟ್ಯೂಬ್‌ಗೆ ಹಾಕುತ್ತಿದ್ದವರು. ಗ್ರಾಫಿಕ್ಸ್ ಮಾಡಿದವರೂ ಬೆರಳೆಣಿಕೆಯಷ್ಟೇ ಜನ. ಶೂಟಿಂಗ್ 38 ದಿನ. ಇಡೀ ಸಿನಿಮಾಕ್ಕೆ ಎರಡೂವರೆ ಕೋಟಿ ಡಾಲರ್ ದಾಟಲಿಲ್ಲವಂತೆ. ಸೂಪರ್‌ಹೀರೋ ಸಿನಿಮಾ ಒಂದಕ್ಕೆ 20 ಕೋಟಿ ಡಾಲರ್ ಸುರಿಯುವ ಹಾಲಿವುಡ್‌ನಲ್ಲಿ ಇದು ಸಣ್ಣ ದುಡ್ಡು. ನಮ್ಮ ಹಿತ್ತಲಿನ ಆಟವನ್ನು ಇನ್ನೂ ಇಪ್ಪತ್ತು ವರ್ಷ ಬಿಡದೆ ಆಡಿದ್ದರೆ ಹೇಗಿರುತ್ತಿತ್ತೋ, ಹಾಗೆ ಕಂಡಿತು ನನಗೆ.

ಎವೆಲಿನ್ ಆಗಿರುವುದು ಮಿಶೆಲ್ ಯೋ. ‘ಪೊಲೀಸ್ ಸ್ಟೋರಿ 3’ರಲ್ಲಿ ಬೈಕ್ ಸಮೇತ ಓಡುವ ರೈಲಿನ ಮೇಲೆ ಹಾರಿದವಳು. ನೀನು ಆ ಭಾಗವನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ್ದೆ. ಮೊದಲು ಈ ಕಥೆಯನ್ನು ಜಾಕಿ ಚಾನ್‌ನನ್ನು ಮನಸ್ಸಲ್ಲಿಟ್ಟುಕೊಂಡು ಯೋಚಿಸಿದ್ದರಂತೆ. ಹೆಂಗಸಿನ ಪಾತ್ರ ಮಾಡಿದ್ದೇ ಒಳ್ಳೆಯದಾಯಿತು.

ವೇಮಂಡ್ ಯಾರು ಗೊತ್ತಾ? ಅಮರೀಶ್ ಪುರಿ ಖಳನಾಗಿದ್ದ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ ಪುಟ್ಟ ಹುಡುಗ. ಕೆ ಹುಯ್ ಕ್ವಾನ್. ವಿಯೆಟ್ನಾಮಿನ ಸೈಗಾನ್‌ನಲ್ಲಿ ಹುಟ್ಟಿ, ದೋಣಿಯಲ್ಲಿ ಊರು ಬಿಟ್ಟು, ಹಾಂಗ್‌ಕಾಂಗ್‌ನ ನಿರಾಶ್ರಿತರ ಶಿಬಿರದಲ್ಲಿದ್ದು, 1979ರಲ್ಲಿ ಅಮೆರಿಕ ತಲುಪಿದವನು. ಹನ್ನೆರಡು ವರ್ಷಕ್ಕೇ ಸ್ಟಾರ್. ದೊಡ್ಡವನಾದ ಮೇಲೆ ಏಷ್ಯಾದ ಮುಖಕ್ಕೆ ಪಾತ್ರಗಳೇ ಬರಲಿಲ್ಲ. ನಟನೆ ಬಿಟ್ಟು ಸಿನಿಮಾ ಶಾಲೆಗೆ ಸೇರಿದ, ಕ್ಯಾಮೆರಾ ಹಿಂದೆ ನಿಂತು ಬೇರೆಯವರ ಫೈಟ್‌ಗಳಿಗೆ ದುಡಿದ. ಸುಮಾರು ಇಪ್ಪತ್ತು ವರ್ಷ! ಆಸ್ಕರ್ ಕೈಯಲ್ಲಿ ಹಿಡಿದು ಅವನು ಮೊದಲು ಮಾತಾಡಿದ್ದು ಮನೆಯಲ್ಲಿ ಟಿವಿ ನೋಡುತ್ತಿದ್ದ 84 ವರ್ಷದ ತಾಯಿಯ ಜೊತೆ. ಆ ವಿಡಿಯೋ ಹುಡುಕಿ ನೋಡು.

ಈಗ ನಿನಗೆ ಮಾತ್ರ ಹೇಳಬೇಕಾದ ವಿಷಯ.

ಎವೆಲಿನ್ ಗಂಡನ ಜೊತೆ ಮ್ಯಾಂಡರಿನ್ ಮಾತಾಡುತ್ತಾಳೆ, ಅಪ್ಪನ ಜೊತೆ ಕ್ಯಾಂಟನೀಸ್, ಮಗಳ ಜೊತೆ ಇಂಗ್ಲಿಷ್. ಒಂದು ಸಲ ಮಗಳು ತಾನು ಪ್ರೀತಿಸುವ ಹುಡುಗಿಯನ್ನು ತಾತನಿಗೆ ಪರಿಚಯಿಸಲು ಒದ್ದಾಡುತ್ತಾಳೆ. ಪದ ಸಿಗುವುದಿಲ್ಲ. ಎವೆಲಿನ್ ನಡುವೆ ಬಾಯಿ ಹಾಕಿ, ಇವಳು ಒಳ್ಳೆಯ ಸ್ನೇಹಿತೆ ಅಂದುಬಿಡುತ್ತಾಳೆ. ಮಗಳು ಕಣ್ಣು ತುಂಬಿಕೊಂಡು ಕಾರಿನ ಹತ್ತಿರ ಹೋದಾಗ ಹಿಂದೆಯೇ ಓಡುತ್ತಾಳೆ. ಏನೋ ಹೇಳಬೇಕು. ಬಾಯಿಂದ ಬರುವುದು, ನೀನು ದಪ್ಪ ಆಗ್ತಿದ್ದೀಯ ಅನ್ನುವ ಮಾತು.

ಹೋದ ಚಳಿಗಾಲ ಅಪ್ಪ ಇಲ್ಲಿ ನ್ಯೂಜೆರ್ಸಿಗೆ ಬಂದಿದ್ದರಲ್ಲ. ಇಡೀ ದಿನ ಕಿಟಕಿ ಪಕ್ಕ ಕೂರುತ್ತಿದ್ದರು. ಒಂದು ಸಂಜೆ ಊಟದ ಹೊತ್ತಿಗೆ ಮಗಳು ಇಂಗ್ಲಿಷಿನಲ್ಲಿ, ತಾತನಿಗೆ ಇಲ್ಲಿ ಒಂಟಿ ಅನಿಸುತ್ತಾ ಕೇಳಿ ಅಂದಳು. ನಾನು ಅಪ್ಪನ ಕಡೆ ತಿರುಗಿ, “ಚಳಿ ಆಗ್ತಿದೆಯಾ ಅಂತ ಕೇಳ್ತಿದ್ದಾಳೆ” ಅಂದೆ. “ಇಲ್ಲ, ಸ್ವೆಟರ್ ಇದೆಯಲ್ಲ” ಅಂದರು. ಮಗಳಿಗೆ, ತಾತ ಚೆನ್ನಾಗಿದ್ದಾರಂತೆ ಅಂದೆ.

ಯಾಕೆ ಹಾಗೆ ಮಾಡಿದೆ? ಉತ್ತರ ನನಗೆ ಗೊತ್ತಿತ್ತು. ಅದು ಅವರ ಬಾಯಿಂದ ಬಂದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಕಾರಿನ ಹತ್ತಿರದ ದೃಶ್ಯ ಬಂದಾಗ ನಾನು ಸಿನಿಮಾ ನಿಲ್ಲಿಸಿ ಮಗಳಿಗೆ ಎಲ್ಲ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಒಂಟಿ ಅನಿಸೋದಕ್ಕೆ ಕನ್ನಡದಲ್ಲಿ ತಾತ ಏನಂತಾರೆ ಅಂತ ಕೇಳಿದಳು. ‘ಬೇಜಾರು’ ಅಂತ ಹೇಳಿಕೊಟ್ಟೆ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವಳೇ ಕೇಳಿದಳು. “ತಾತ, ನಿಮಗೆ ಇಲ್ಲಿ ಬೇಜಾರ್ ಆಗ್ತಿತ್ತಾ?”

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಆಗ್ತಿತ್ತು ಪುಟ್ಟಿ. ನಿಮ್ಮ ರೋಡಲ್ಲಿ ಒಂದು ಬಸ್ಸೂ ಬರ್ತಿರಲಿಲ್ಲ ನೋಡು” ಅಂದರು.

ಬಸ್ಸು ಅಂದದ್ದು ಮಾತ್ರ ಅವಳಿಗೆ ಗೊತ್ತಾಯಿತು. ನನ್ನ ಕಡೆ ನೋಡಿದಳು. ಅವರು ಅಂದದ್ದನ್ನೇ, ಒಂದು ಮಾತೂ ಬಿಡದೆ ಹೇಳಿದೆ. ಆಮೇಲೆ ಅಪ್ಪ ಮೂವತ್ತು ವರ್ಷ ಓಡಾಡಿದ ರೂಟಿನ ಒಂದೊಂದೇ ಸ್ಟಾಪಿನ ಹೆಸರು ಹೇಳುತ್ತಾ ಹೋದರು, ಇವಳು ಬರೆದುಕೊಳ್ಳುತ್ತಾ ಹೋದಳು.

ನೀನು ಒಂದು ಕೆಲಸ ಮಾಡು. ಅಪ್ಪನ ಮನೆ ಕಡೆ ಹೋದಾಗ ನಿನ್ನ ಫೋನಿನಲ್ಲಿ ಆ ಸೊಂಟದ ಚೀಲದ ಫೈಟ್ ಒಂದನ್ನು ತೋರಿಸು. ಇಡೀ ಸಿನಿಮಾ ಬೇಡ, ಅವರಿಗೆ ಅಷ್ಟು ಸದ್ದು ಆಗಲ್ಲ. ಬ್ಯಾಗು ಇನ್ನೂ ಅದೇ ಮೊಳೆಯಲ್ಲಿದೆಯಂತೆ. ಅದರ ಒಂದು ಫೋಟೋ ತೆಗೆದು ಕಳಿಸು, ಮಗಳು ಕೇಳುತ್ತಿದ್ದಾಳೆ.

ನಿನ್ನ ಗೆಳೆಯ